ನೀನು ಬೆಸೆದ ಕೊನೆಯ ಗಾರ್ಡ್

ಅಪ್ಪಾ,

‘ಮುಂದ ಕಬ್ಬಿಣ ನಿಂತ್ಕಂಡ್ರ ಒಳಗಿರೋ ಜೀವಕ್ಕ…’ ನೀನು ಹೇಳುತ್ತಿದ್ದ ಈ ಮಾತಿನ ಕೊನೆ ಮರೆತುಹೋಗಿದೆ. ಕೊನೆ ಏನೇ ಇರಲಿ, ಅದು ನಿಜವೇ ಅಂತ ನಾನು ಒಮ್ಮೆಯೂ ಕೇಳಲಿಲ್ಲ. ಕೊಳ್ಳೇಗಾಲದ ನಿನ್ನ ವೆಲ್ಡಿಂಗ್ ಅಂಗಡಿಯ ಮುಂದೆ, ಮೂತಿಗೆ ಕಬ್ಬಿಣದ ಪೈಪಿನ ಗಾರ್ಡ್ ಹಾಕಿಸಿಕೊಳ್ಳಲು ಕಾರುಗಳು ಸಾಲುಗಟ್ಟಿದ್ದಾಗ ಯಾರು ತಾನೇ ಕೇಳುತ್ತಾರೆ?

ಯಳಂದೂರಿನ ಮದುವೆಯೂಟ ನೆನಪಿದೆಯಾ? ದುಬೈಯಿಂದ ಬಂದಿದ್ದ ನಿನ್ನ ತಮ್ಮನ ಮಗ, ನಮ್ಮಲ್ಲೇ ತಯಾರಾದ ಕಾರು ಹಡಗು ಹತ್ತಿದರೆ ಆರು ಏರ್‌ಬ್ಯಾಗ್, ಇಲ್ಲೇ ಉಳಿದರೆ ಎರಡು, ಒಂದೊಂದು ದೇಶಕ್ಕೆ ಒಂದೊಂದು ನಿಯಮ ಅಂದ. ನೀನು ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿದೆ: ‘ಅಲ್ಲಿಯೋರ ಎದಗೂಡು ಬ್ಯಾರೆ, ನಮ್ದು ಬ್ಯಾರೆ ಏನ್ಲಾ?’ ಪಂಕ್ತಿಯೆಲ್ಲ ನಕ್ಕಿತು. ನೀನು ನಗಲಿಲ್ಲ. ಅವರು ಕೊಡದಿದ್ದರೆ ನಾನು ಕೊಡುತ್ತೇನೆ ಎಂಬಂತೆ, ಆಮೇಲೆ ನಿನ್ನ ಗಾರ್ಡಿನ ಪೈಪು ಇನ್ನಷ್ಟು ದಪ್ಪವಾಯಿತು.

ನನ್ನ ಮಗಳು ಸುಮಾ ಹೊಸ ಕಾರು ತಂದ ವಾರವೇ ನೀನು ಅದಕ್ಕೂ ಒಂದು ಗಾರ್ಡ್ ಬೆಸೆದೆ. ಅದೇ ನಿನ್ನ ಕೊನೆಯ ಕೆಲಸ. ಅವಳೀಗ ದಿನಾ ಹನೂರು ದಾಟಿ ಕೌದಳ್ಳಿಯ ಶಾಲೆಗೆ ಪಾಠ ಮಾಡಲು ಹೋಗುತ್ತಾಳೆ. ಕಾರಿನ ಜೊತೆ ಬಂದ ಪುಸ್ತಕವನ್ನು ಮೊನ್ನೆ ನಾನು, ಪದ್ಯ ಓದುವಷ್ಟು ನಿಧಾನವಾಗಿ, ಓದಿದೆ. ಡಿಕ್ಕಿಯಾದಾಗ ಕಾರಿನ ಮುಂಭಾಗ ಮುದುಡಿ ಹೊಡೆತ ನುಂಗಬೇಕಂತೆ. ಗಾರ್ಡ್ ಇದ್ದರೆ ಹೊಡೆತ ನೇರ ಒಳಕ್ಕೆ ದಾಟಬಹುದು, ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ತೆರೆಯದೆ ಹೋಗಬಹುದು. ನೀನು ಪ್ರೀತಿಯಿಂದ ಕೊಟ್ಟದ್ದೇ ಅವಳಿಗೆ… ಮುಂದಕ್ಕೆ ಬರೆಯಲಾರೆ.

ನೀನು ಕೇಳದೆ ಹೋದ ಸುದ್ದಿಯೊಂದಿದೆ. ಹಲವು ದೇಶಗಳು ಒಟ್ಟಿಗೆ ಕೂತು ಒಂದೇ ನಿಯಮದ ಕಡೆಗೆ ಬರುತ್ತಿವೆ. ಎಲ್ಲ ಇನ್ನೂ ಒಂದಾಗಿಲ್ಲ. ಆದರೆ ನಮ್ಮಲ್ಲೂ ಈಗ ಕಾರನ್ನು ಗುದ್ದಿಸಿ, ಒಳಗೆ ಕೂರಿಸಿದ ಗೊಂಬೆಯ ಎದೆ ಎಷ್ಟು ಜಜ್ಜಿತು ಅಂತ ಅಳೆಯುತ್ತಾರೆ. ಸುಮಾಳ ಕಾರಿನಲ್ಲಿ ಆರು ಏರ್‌ಬ್ಯಾಗ್ ಇವೆ, ಅಪ್ಪಾ. ಅವು ಸರಿಯಾದ ಹೊತ್ತಿಗೆ ತೆರೆಯಲು ಬಿಡಬೇಕಾದವರು ನಾವೇ.

ಎರಡು ದಿನ ನಿನ್ನ ಬೆಸುಗೆಯ ಮೇಲೆ ಕೈಯಾಡಿಸಿ ಸುಮ್ಮನೆ ಒಳಗೆ ಬಂದೆ. ಮೂರನೆಯ ದಿನ, ನಿನ್ನ ಅಂಗಡಿ ನಡೆಸುತ್ತಿರುವ ಸಿದ್ದರಾಜುವನ್ನು ಕರೆಸಿದೆ. ಗುರುಗಳ ಕೈಕೆಲಸ, ನಾನು ಮುಟ್ಟುವುದಿಲ್ಲ ಅಂದ. ಪುಸ್ತಕ ಓದಿ ಹೇಳಿದ ಮೇಲೆ ಕಟರ್ ಎತ್ತಿಕೊಂಡ.

ಸಂಜೆ ಪಕ್ಕದ ಮನೆಯ ಮಾದೇವಣ್ಣ ಬಾಗಿಲಿಗೆ ಬಂದ. ತನ್ನ ಕಾರಿಗೂ ನಿನ್ನಿಂದಲೇ ಗಾರ್ಡ್ ಹಾಕಿಸಿಕೊಂಡವನು; ಬೈಯಲು ಬಂದನೆಂದುಕೊಂಡು ಕಾರಣವನ್ನೆಲ್ಲ ಹೇಳಿದೆ. ಬೋಳಾದ ಕಾರನ್ನು ಒಂದು ಸುತ್ತು ಹಾಕಿ ನೋಡಿ ಅಂದ:

‘ನಂದೂ ತೆಗಿಸ್ತೀನಿ ಕಣವ್ವ. ಆದ್ರ ನಿಮ್ಮಪ್ಪಾರ ಬೆಸ್ಗೆ ಅದು, ಸುಲಭ್ಕ ಬುಡದಿಲ್ಲ. ಒಂದಿನ ಪೂರ್ತಿ ನಂಗೇ ಮಡಗು ಅಂತ ಸಿದ್ರಾಜುಗ ಯೋಳು.’