ಸುತ್ತುದಾರಿಯ ಬೆಳಕು

ವೀಕ್ಷಣಾಲಯ
ಮಾರ್ಚ್ ೧೪

ನನ್ನ ಮುದ್ದು ಚಿಟ್ಟೆ,

ಹೇಗಿದ್ದೀಯೇ? ನಿನ್ನ ಗಂಡ, ಮಗಳು ಚೆನ್ನಾಗಿದ್ದಾರೆ ತಾನೇ? ಬರೆಯುವುದು ತಡವಾಯಿತು, ಬೈಯಬೇಡ. ಬೈದರೂ ಸರಿ, ನಿನ್ನ ದನಿಯಾದರೂ ಕೇಳಿದಂತಾಗುತ್ತದೆ. ಅಪ್ಪ ಹೋದಾಗಿನಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ.

ಇಲ್ಲಿ ಎಲ್ಲರೂ ಕುಣಿದಾಡುತ್ತಿದ್ದಾರೆ. ನಮ್ಮ ಕ್ವೇಸಾರ್ ಗೊತ್ತಲ್ಲ, ಬಲು ದೂರದ ಆ ದೀಪ? ನಡುವೆ ಅಡ್ಡ ನಿಂತ ಗ್ಯಾಲಕ್ಸಿಯ ಭಾರಕ್ಕೆ ಅದರ ಬೆಳಕು ಬಾಗಿ, ಎರಡು ದಾರಿ ಹಿಡಿದು ಬರುತ್ತದೆ. ನಮಗೆ ಒಂದೇ ದೀಪ ಎರಡಾಗಿ ಕಾಣುತ್ತದೆ. ಅದು ಅಲ್ಲಿ ಒಮ್ಮೆ ಬೆಳಗಿದರೆ, ಇಲ್ಲಿ ಒಂದು ಬಿಂಬ ಮೊದಲು ಬೆಳಗುತ್ತದೆ, ಇನ್ನೊಂದು ತಿಂಗಳುಗಟ್ಟಲೆ ತಡವಾಗಿ. ಆ ತಡವನ್ನು ಅಳೆದರೆ ದೂರ ಎಷ್ಟೆಂದು ತಿಳಿಯುತ್ತದೆ, ಅದರಿಂದ ಬ್ರಹ್ಮಾಂಡ ಎಷ್ಟು ಬೇಗ ಹಿಗ್ಗುತ್ತಿದೆ ಎಂಬುದೂ.

ಜೀವಮಾನವೆಲ್ಲ ಬಸ್ಸು ಓಡಿಸಿದ ಅಪ್ಪ ಇದನ್ನು ಕೇಳಿ ಏನೆಂದರು, ನೆನಪಿದೆಯಾ? "ಅಂದ್ರೆ ಎರಡು ಬಸ್ಸು ಒಟ್ಟಿಗೆ ಹೊರಟಿವೆ, ಒಂದು ಸುತ್ತುದಾರೀಲಿ ಬರ್ತಿದೆ. ಸ್ಟ್ಯಾಂಡಲ್ಲಿ ಕೂತು ಕಾಯೋದಕ್ಕೆ ನಿನಗೆ ಸಂಬಳ ಬೇರೆ." ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಹೋದ ವರ್ಷ ಮೊದಲ ಬಿಂಬ ಜೋರಾಗಿ ಬೆಳಗಿತು. ಎರಡನೆಯದು ಮಾತ್ರ ತೆಪ್ಪಗಿತ್ತು. ಕಾದೂ ಕಾದೂ ಸಾಕಾಯಿತು. ನಮ್ಮ ಮುಖ್ಯಸ್ಥರು, ಇದು ಅದೇ ದೀಪವಲ್ಲ, ಪಕ್ಕದ ಯಾವುದೋ ನಕ್ಷತ್ರ, ಪಟ್ಟಿಯಿಂದ ತೆಗೆದುಹಾಕಿ ಎಂದುಬಿಟ್ಟರು. ನನ್ನ ಹಟ ನಿನಗೆ ಗೊತ್ತೇ ಇದೆ. ಇನ್ನೂ ಸ್ವಲ್ಪ ಕಾಯೋಣ ಎಂದು ಕೈಕಾಲು ಹಿಡಿದು ಒಪ್ಪಿಸಿದೆ. ಈ ತಿಂಗಳು ಅದೂ ಬೆಳಗಿತು ಕಣೆ, ಚೂರೂ ಆಚೀಚೆಯಾಗದೆ, ಮೊದಲನೆಯದರ ಹಾಗೆಯೇ. ಮುಖ್ಯಸ್ಥರು ಎಲ್ಲರೆದುರು ನನಗೆ ಕೈಮುಗಿದರು.

ಅದೇ ಖುಷಿಯಲ್ಲಿ ಕ್ಯಾಂಟೀನಿಗೆ ಹೋದೆ. ಹೊರಗೆ ತರಕಾರಿ ವ್ಯಾನು ರಿವರ್ಸ್ ಬರುತ್ತಿತ್ತು. ಡ್ರೈವರು ಅರ್ಧ ಮೈ ಕಿಟಕಿಯಾಚೆ ಚಾಚಿ, ಅಂಗೈಯಿಂದ ಬಾಗಿಲು ಬಡಿಯುತ್ತ ಹಿಂದೆ ನೋಡುತ್ತಿದ್ದ. ಥೇಟ್ ಅಪ್ಪ. ಕೈಯಲ್ಲಿದ್ದ ಕಾಫಿ ಚೆಲ್ಲಿತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತೆ. ಅಡುಗೆಯವಳು ಓಡಿಬಂದು ಕೈ ಸುಟ್ಟಿತೇ ಎಂದು ಕೇಳಿದಳು. "ನಮ್ಮಪ್ಪ ಹೋಗ್ಬಿಟ್ರು" ಅಂದೆ. ಯಾವಾಗ ಎಂದಳು. ಹೋದ ವರ್ಷ ಎಂದರೆ ಏನೆಂದುಕೊಳ್ಳುತ್ತಾಳೋ ಎಂದು, ಚೆಲ್ಲಿದ ಕಾಫಿ ಒರೆಸಲು ಬಗ್ಗಿದೆ.

ಶನಿವಾರ ಬರುತ್ತಿದ್ದೇನೆ. ಪುಟ್ಟಿಗೆ ದೊಡ್ಡಮ್ಮನ ಮುತ್ತು ಕೊಡು. ನಿಮ್ಮ ಮನೆ ನಗುನಗುತ್ತಾ ಇರಲಿ.

ನಿನ್ನ
ಅಕ್ಕ

ತಾ.ಕ.: ಅಪ್ಪನನ್ನು ಕಳಿಸಿಕೊಟ್ಟು ಬಂದ ಸಂಜೆ, ನಾನು ಒಂದು ಹನಿ ಕಣ್ಣೀರಿಲ್ಲದೆ ಪಾತ್ರೆ ತೊಳೆಯುತ್ತಿದ್ದಾಗ, ನೀನು ಕೇಳಿದೆ: "ಅವರು ನನಗೊಬ್ಬಳಿಗೇ ಅಪ್ಪನಾ, ಅಕ್ಕ?" ಅಂದಿನಿಂದ ನನಗೂ ಅನುಮಾನ ಹತ್ತಿತ್ತು, ನಾನು ಅವರ ಮಗಳೇ ಅಲ್ಲವೇನೋ ಎಂದು. ನಿನ್ನ ಅಳು ಮುಗಿದಿರಬಹುದು. ನನ್ನದು ಈಗ ಬಂದಿದೆ. ಬಾಗಿಲು ತೆಗೆಯುತ್ತೀ ತಾನೇ, ಚಿಟ್ಟೆ?