ಒತ್ತದ ಬೀಗ

ಈ ಗುಡಾರದ ಒಡೆಯರಿಗೆ,

ನಿಮ್ಮ ಮುಖ ನೋಡಿಲ್ಲ, ಆದರೂ ನಿಮ್ಮ ಉಪ್ಪು ತಿಂದೆವು. ಗೋಬಿ ಮರುಭೂಮಿಯ ಕೆಂಪು ಬಂಡೆಗಳನ್ನು ತೋರಿಸಲು ಕಡಲ ನಾಡಿನ ಅಜ್ಜಿಯೊಬ್ಬರನ್ನು ಕರೆತಂದಿದ್ದೆ. ನಿನ್ನೆ ಧೂಳಿನ ಬಿರುಗಾಳಿಯಲ್ಲಿ ಜೀಪು ಕೆಟ್ಟಿತು, ನೀರೂ ಮುಗಿಯಿತು. ಅಜ್ಜಿಗೆ ಉಸಿರೇ ಸಿಗುತ್ತಿರಲಿಲ್ಲ. ತಡಕಾಡುತ್ತ ಬಂದರೆ ನಿಮ್ಮ ಬಾಗಿಲಿಗೆ ಬೀಗ! ಚಾಲಕ ತ್ಸೆವೇನ್ ಎಳೆದು ನೋಡಿದ. ಕೊಂಡಿಗೆ ಸುಮ್ಮನೆ ಸಿಕ್ಕಿಸಿದ್ದಿರಿ, ಒತ್ತಿ ಮುಚ್ಚಿರಲಿಲ್ಲ.

“ಕಳ್ಳರು ಅಂತ ಹಿಡ್ಕೊಳ್ಳಲ್ವೇನಪ್ಪಾ?” ಎಂದರು ಅಜ್ಜಿ, ಒಳಗೆ ಕಾಲಿಡುತ್ತ.

“ಅಯ್ಯೋ ಅಜ್ಜೀ, ಬೀಗ ಇರೋದು ಗಾಳಿಗೆ. ಮನುಷ್ಯರು ಬರ್ಲಿ ಅಂತಾನೇ ಚಹಾ ಇಟ್ಟಿದಾರೆ, ಸುಮ್ನೆ ಕುಡೀರಿ!” ಎಂದ ತ್ಸೆವೇನ್.

ಈಗ ಅವರ ಉಸಿರು ನೆಟ್ಟಗಾಗಿದೆ. ನಿಮ್ಮ ಒಣಮೊಸರಿನ ಗಟ್ಟಿಯನ್ನು ಕಚ್ಚಲಾಗದೆ ನಕ್ಕರು. ದುಡ್ಡಿಡಲು ಹೋದಾಗ, ನಿಮಗೆ ಬೇಜಾರಾದೀತೆಂದು ನಾನೇ ತಡೆದೆ. ಉರಿಸಿದಷ್ಟು ಒಣಸಗಣಿಯನ್ನು ಆರಿಸಿ ತಂದು ಬುಟ್ಟಿ ತುಂಬಿಸಿದ್ದೇವೆ. ನಾಯಿಯನ್ನು ಬೈಯಬೇಡಿ, ಅದು ಚೆನ್ನಾಗಿಯೇ ಬೊಗಳಿತು, ಅಜ್ಜಿಯ ಬಿಸ್ಕತ್ತಿಗೆ ಸೋತಿತು. ಮಂದೆ ಹುಡುಕಿಕೊಂಡು ಹೋಗಿದ್ದೀರೇನೋ, ಎಲ್ಲ ಸಿಕ್ಕಿರಲಿ.

ಜೀಪು ಸರಿಯಾಯಿತು, ಹೊರಡುತ್ತೇವೆ. ಅಜ್ಜಿ ಆಗಲೇ ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ: “ನಾನೇ ಸಿಕ್ಕಿಸ್ತೀನಿ. ನೀವು ಅಭ್ಯಾಸಬಲದಿಂದ ಒತ್ತಿಬಿಟ್ರೆ, ಮುಂದೆ ಬರೋರ ಗತಿ?”

ಇಂತಿ,
ಪ್ರವಾಸಿಗರನ್ನು ಸುತ್ತಿಸುವ ದುಲ್ಮಾ