ಹೊಲಿದು ಕಳಿಸಿದ ಆಸ್ಪತ್ರೆ ಬಿಲ್ಲು

ಮಂಗಳವಾರ ಬೆಳಿಗ್ಗೆ
ಬೈಂಡಿಂಗ್ ಅಂಗಡಿಯ ಮೇಜಿನಿಂದ

ನನ್ನ ಮುದ್ದು ಕತ್ತರಿಗೆ,

ನಿನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ, ಒಲೆಯ ಮೇಲೆ ಹಾಲಿದೆ ಎಂದು ತಪ್ಪಿಸಿಕೊಂಡೆ. ಹಾಲು ಇರಲಿಲ್ಲ. ಆಸ್ಪತ್ರೆಯ ಒಂಟಿ ಕೋಣೆಯಲ್ಲಿ ಹನ್ನೊಂದು ದಿನ ಇದ್ದ ಅಪ್ಪನಿಗೆ ಇಷ್ಟು ಕಡಿಮೆ ಖರ್ಚು ಹೇಗಾಯಿತು, ನೀನು ಕಳಿಸಿದ ಹಣ ಹಾಗೆಯೇ ಹೇಗೆ ಹಿಂದಕ್ಕೆ ಬಂತು ಎಂದು ಕೇಳಿದೆಯಲ್ಲ, ಅದಕ್ಕೆ ಈ ಕಾಗದ. ಬಿಲ್ಲೂ ಜೊತೆಗಿದೆ. ಬಿಡಿ ಹಾಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮಡಚಿ, ಹೊಲಿದು, ರಟ್ಟು ಹಾಕಿಬಿಟ್ಟಿದ್ದೇನೆ. ಕೊನೆಯ ಕೆಲವು ಪುಟಗಳ ಅಂಚು ಮಾತ್ರ ಕತ್ತರಿಸಿಲ್ಲ, ಅವು ಮುಚ್ಚಿಯೇ ಇವೆ. ಸದ್ಯಕ್ಕೆ ಅವನ್ನು ಬಿಡು.

ಮೊದಲು ತಪ್ಪೊಪ್ಪಿಗೆ. ನಿಮ್ಮಪ್ಪ ಒಂಟಿ ಕೋಣೆಯಲ್ಲಿ ಇರಲಿಲ್ಲ. ಎಂಟು ಮಂಚದ ಕೊರೊನಾ ವಾರ್ಡಿನಲ್ಲಿದ್ದರು.

ನೀನು ಅಂದು ಫೋನಿನಲ್ಲಿ ಅಳುತ್ತ, ಒಳ್ಳೆಯ ಕೋಣೆಗೇ ಸೇರಿಸಮ್ಮ, ನನ್ನ ಅಂಗಡಿ ಎಲ್ಲಿಗೂ ಓಡಿಹೋಗಲ್ಲ ಎಂದೆ. ನಾನು ಹೂಂ ಎಂದೆ. ಅರ್ಧ ಗಂಟೆಯಲ್ಲಿ ನೀನು ತೆರೆಯಬೇಕಿದ್ದ ಅಂಗಡಿಯ ಮುಂಗಡವಷ್ಟೂ ನನ್ನ ಖಾತೆಗೆ ಬಂತು. ಎಂಟು ವರ್ಷ ಬೇರೆಯವರ ಕನ್ನಡಿಯ ಮುಂದೆ ನಿಂತು ಬೇರೆಯವರ ತಲೆಗೂದಲು ಕತ್ತರಿಸಿ ನೀನು ಕೂಡಿಸಿದ್ದು ಅದು. ಅದನ್ನು ಹಿಡಿದುಕೊಂಡು ಆಸ್ಪತ್ರೆಯ ಕೌಂಟರಿನ ಮುಂದೆ ನಿಂತೆ.

ಹರಿದ ಪುಸ್ತಕ ತಂದವರಿಗೆ ನಾನು ಏನು ಮಾಡುತ್ತೇನೆ, ನಿನಗೆ ಗೊತ್ತು. ಹಾಳೆ ಎಣಿಸಿ, ಏನು ಹೊಲಿಯುತ್ತೇನೆ, ಏನು ಹೊಲಿಯುವುದಿಲ್ಲ ಎಂದು ಚೀಟಿ ಬರೆದುಕೊಡದೆ ಸೂಜಿ ಮುಟ್ಟುವುದಿಲ್ಲ. ಅಲ್ಲಿಯೂ ಅದೇ ಚೀಟಿ ಕೇಳಿದೆ. ಕೌಂಟರಿನ ಹುಡುಗಿ ಮಾಸ್ಕಿನ ಮೇಲಿನಿಂದ ನನ್ನನ್ನು ನೋಡಿ, "ಅಮ್ಮಾ, ಎಲ್ರೂ ಎಷ್ಟಾಗತ್ತೆ ಅಂತಾರೆ. ಯಾಕಾಗತ್ತೆ ಅಂತ ಕೇಳಿದ್ದು ನೀವೊಬ್ರೇ" ಎಂದಳು. ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ಆದರೆ ಪೆನ್ನು ತೆಗೆದು ಬರೆದು ತೋರಿಸಿದಳು.

ನನಗೆ ಅರ್ಥವಾಗಿದ್ದು ಇಷ್ಟು. ಕೋಣೆ ಎಂದರೆ ಬರೀ ಕೋಣೆಯ ಬಾಡಿಗೆಯಲ್ಲ. ಕೋಣೆಯ ದರ್ಜೆ ಏರಿದರೆ ಡಾಕ್ಟರು ಬಂದು ನೋಡುವ ಶುಲ್ಕ, ದಾದಿಯರ ಶುಲ್ಕ, ಪರೀಕ್ಷೆಗಳ ದರ ಎಲ್ಲವೂ ಅದರ ಹಿಂದೆ ಮೆಟ್ಟಿಲು ಹತ್ತುತ್ತವೆ. ದಾದಿ ತೊಡುವ ರಕ್ಷಣಾ ಉಡುಪಿನ ಖರ್ಚು ವಾರ್ಡಿನಲ್ಲಿ ಎಂಟು ಜನರಿಗೆ ಹಂಚಿಹೋಗುತ್ತದೆ. ಒಂಟಿ ಕೋಣೆಯಲ್ಲಿ ಪೂರ್ತಿ ಒಬ್ಬರ ತಲೆಗೆ. ಇನ್ನು ನೀನು ಕೆಲಸಕ್ಕೆ ಸೇರಿದ ವರ್ಷ ನಮ್ಮಿಬ್ಬರ ಹೆಸರಿನಲ್ಲಿ ಮಾಡಿಸಿದ ವಿಮೆ, ನಿಮ್ಮಪ್ಪ ಕಾಗದದ ಕೊಡೆ ಎಂದು ಗೇಲಿ ಮಾಡುತ್ತಿದ್ದರಲ್ಲ, ಅದು. ಅದರಲ್ಲಿ ಕೋಣೆಗೆ ದಿನಕ್ಕೆ ನಾಲ್ಕು ಸಾವಿರದ ಮಿತಿ ಇತ್ತು. ಒಂಟಿ ಕೋಣೆಗೆ ಎಂಟು ಸಾವಿರ. ಮೇಲಿನ ನಾಲ್ಕು ನಾವು ಕೊಟ್ಟರೆ ಮುಗಿಯಿತು ಎಂದುಕೊಂಡಿದ್ದೆ. ಹಾಗಲ್ಲವಂತೆ. ಮಿತಿಯ ಎರಡರಷ್ಟು ಬಾಡಿಗೆಯ ಕೋಣೆ ಹಿಡಿದರೆ, ಆ ಕೋಣೆಯ ಜೊತೆ ಏರಿದ ಶುಲ್ಕಗಳಲ್ಲೂ ವಿಮೆಯವರು ಅರ್ಧವನ್ನೇ ಕೊಡುತ್ತಾರೆ. ವಾರ್ಡಾದರೆ ಮಿತಿಯೊಳಗೇ ಇತ್ತು. ಕೈಗವಸು, ಮಾಸ್ಕಿನಂಥ ಚಿಲ್ಲರೆ ಮಾತ್ರ ನಮ್ಮದು.

ಖರ್ಚು ಉಳಿಸಲು ಹೋಗಿ ಮನುಷ್ಯನನ್ನು ಕಳೆದುಕೊಂಡಳು ಎನ್ನಿಸಿಕೊಳ್ಳಲು ನನಗೂ ಧೈರ್ಯವಿರಲಿಲ್ಲ. ಡಾಕ್ಟರನ್ನು ಕೇಳಿದೆ. "ಅದೇ ಆಕ್ಸಿಜನ್, ಅದೇ ಔಷಧಿ, ಅದೇ ನಾನು. ಕೋಣೆಯಲ್ಲಿ ಟೀವಿ ಒಂದು ಜಾಸ್ತಿ" ಎಂದರು. ನಿಮ್ಮಪ್ಪನದು ಬೇರೆಯೇ ಚಿಂತೆ. ಮಾತಿಗೊಮ್ಮೆ ಏದುಸಿರು ಬಿಡುತ್ತಿದ್ದರೂ ಗಾಲಿಕುರ್ಚಿಯಿಂದ ಕತ್ತು ಚಾಚಿ, "ನೋಡಮ್ಮ, ನಾನು ಗೊರಕೆ ಹೊಡೀತೀನಿ. ಪಾಪ, ಪಕ್ಕದೋರಿಗೆ ತೊಂದ್ರೆ" ಎಂದರು. ಹುಡುಗಿ ತಲೆ ಎತ್ತದೆ, "ಯಜಮಾನ್ರೇ, ಅಲ್ಲಿರೋರೆಲ್ಲ ಗೊರಕೆಯೋರೇ. ನೀವು ಹೋದ್ರೆ ಮೇಳ ಪೂರ್ತಿ ಆಗತ್ತೆ" ಎಂದಳು.

ವಾರ್ಡು ಎಂದು ಸಹಿ ಹಾಕಿದೆ.

ಮೂರನೆಯ ದಿನ ಅವರ ಬೆರಳಿಗೆ ಸಿಕ್ಕಿಸಿದ್ದ ಯಂತ್ರದ ಅಂಕಿ ಇಳಿಯುತ್ತಾ ಹೋಯಿತು. ಹೀಗೇ ಇಳಿದರೆ ಐಸಿಯುಗೆ ಹೋಗಬೇಕು, ಅಲ್ಲಿನ ಲೆಕ್ಕವೇ ಬೇರೆ, ವಿಮೆ ಸಾಲದು ಎಂದರು ಡಾಕ್ಟರು. ನಿನ್ನ ಹಣವನ್ನು ಮುಟ್ಟದೆ ಇಟ್ಟುಕೊಂಡಿದ್ದು ಆ ಹೊತ್ತಿಗಾಗಿಯೇ. ಬೇಕಾಗಿದ್ದರೆ ಒಂದು ಕ್ಷಣವೂ ಯೋಚಿಸದೆ ಪೂರ್ತಿ ಕೊಟ್ಟುಬಿಡುತ್ತಿದ್ದೆ, ಅದೂ ನಿನಗೆ ಗೊತ್ತಿರಲಿ. ಅಂದು ನೀನು ಫೋನ್ ಮಾಡಿದಾಗ ಹಿಂದೆ ಏನೋ ಕುಯ್ ಕುಯ್ ಎನ್ನುತ್ತಿದೆಯಲ್ಲ ಎಂದೆ. ಫ್ರಿಜ್ಜು ಕೆಟ್ಟಿದೆ ಎಂದು ನಾನು ಹೇಳಿದೆ. ಸಂಜೆಯ ಹೊತ್ತಿಗೆ ಅಂಕಿ ನಿಂತಿತು. ಮರುದಿನ ಎರಡು ಮೇಲೇರಿತು. ಎಂಟನೆಯ ದಿನ ಮಧ್ಯಾಹ್ನ ಗೊರಕೆ ಶುರುವಾಯಿತು. ಮೂವತ್ತೊಂದು ವರ್ಷ ಬೈದುಕೊಂಡು ಕೇಳಿದ ಸದ್ದು. ಅಂದು ಕಣ್ಣು ಮುಚ್ಚಿ ಕೇಳಿದೆ.

ಈಗ ಅವರು ನನ್ನ ಎದುರಿಗೇ ಕೂತು ಒಂದು ನಿಘಂಟಿನ ಬೆನ್ನಿಗೆ ಅಂಟು ಬಳಿಯುತ್ತಿದ್ದಾರೆ. ನಾಲ್ಕು ಸಲ ಬಳಿದರೆ ಒಂದು ಸಲ ಸುಧಾರಿಸಿಕೊಳ್ಳುತ್ತಾರೆ. ಅಂಟು ನೀರಾಗಿದೆಯಂತೆ, ತಾನಿಲ್ಲದಾಗ ಅಂಗಡಿ ಹಾಳಾಗಿದೆಯಂತೆ. ಗೊಣಗುವಷ್ಟು ಉಸಿರು ಬಂದಿದೆಯಲ್ಲ, ನನಗೆ ಅಷ್ಟು ಸಾಕು. ಬಿಸಿಲು ಮೇಜಿನ ಅಂಚಿಗೆ ಬಂದಿದೆ. ಮನಸ್ಸು ಹಗುರವಾಗಿದೆ.

ನೀನು ನೋಡಿಟ್ಟ ಮೂಲೆ ಮಳಿಗೆಯ ಮಾಲೀಕ ಶುಕ್ರವಾರದವರೆಗೆ ಕಾಯುತ್ತೇನೆ ಎಂದಿದ್ದಾನಂತೆ. ಈ ಕಾಗದ ಗುರುವಾರ ಸಿಗುತ್ತದೆ. ಓದಿದ ಮೇಲೆ ಸಿಟ್ಟು ಮಾಡಿಕೊಂಡು ಕೂರಬೇಡ. ಮುಂಗಡ ಕೊಟ್ಟು ಬಂದು ಆಮೇಲೆ ಸಿಟ್ಟು ಮಾಡಿಕೋ. ಮೊದಲ ಗಿರಾಕಿ ನಿಮ್ಮಪ್ಪನೇ ಆಗಬೇಕಂತೆ. ಆಸ್ಪತ್ರೆಯಿಂದ ಬಂದಾಗಿನಿಂದ ಕೂದಲು ಕಿವಿ ಮುಚ್ಚಿದೆ, ಬೇರೆ ಯಾರ ಕೈಗೂ ತಲೆ ಕೊಡುವುದಿಲ್ಲ ಎನ್ನುತ್ತಾರೆ.

ನಿನಗೆ ಸುಳ್ಳು ಹೇಳಿದ್ದರಿಂದ ನಾಚಿಕೆಯಾಗಿದೆ. ಮಾಡಿದ್ದರಿಂದ ಆಗಿಲ್ಲ.

ನಿನ್ನ
ಅಮ್ಮ

ತಾಜಾ ಕಲಂ: ಫ್ರಿಜ್ಜು ರಿಪೇರಿಯವನನ್ನು ಕಳಿಸಬೇಡ, ಫ್ರಿಜ್ಜು ಚೆನ್ನಾಗಿದೆ. ಹೊರಗಿನವರನ್ನು ಬಿಡದ ವಾರ್ಡಿನ ಗೊರಕೆ ಅಮ್ಮನಿಗೆ ಹೇಗೆ ಕೇಳಿಸಿತು ಎಂದು ನೀನು ಈಗಾಗಲೇ ಹುಬ್ಬು ಗಂಟಿಕ್ಕಿರುತ್ತೀಯ. ಆ ದಿನ ಕೌಂಟರಿನಲ್ಲಿ ನಾನು ತುಂಬಿದ್ದು ಎರಡು ಫಾರಂ. ಒಂಟಿ ಕೋಣೆಯಲ್ಲಿ ಒಂದೇ ಮಂಚವಂತೆ. ವಾರ್ಡಿನಲ್ಲಿ ಗಂಡಸರ ನಾಲ್ಕು ಮಂಚ, ಒಂದು ಪರದೆ, ಆಮೇಲೆ ಹೆಂಗಸರ ನಾಲ್ಕು. ಅವರದು ನಾಲ್ಕನೆಯದು, ನನ್ನದು ಐದನೆಯದು. ನನಗೆ ಆಕ್ಸಿಜನ್ ಬೇಕಾಗಿದ್ದು ಎರಡೇ ದಿನ. ಅಂಚು ಕತ್ತರಿಸದ ಪುಟಗಳಲ್ಲಿ ಇರುವುದು ನನ್ನ ಬಿಲ್ಲು. ಈಗ ತೆರೆದು ನೋಡಬಹುದು. ಆದರೆ ಕೂದಲಿನ ಕತ್ತರಿಯಿಂದ ಕಾಗದ ಕತ್ತರಿಸಬೇಡ, ಹರಿತ ಹೋಗುತ್ತದೆ. ಅದು ಹೊಸ ಅಂಗಡಿಗೆ ಬೇಕು.